ಸಂಬಳದ ದಿನ ಒಂದಿಷ್ಟು: ನೌಕರರಿಂದ ತಿಂಗಳ ದೇಣಿಗೆ ಕೇಳೋದು ಹೇಗೆ?

ಅಘನಾಶಿನಿ ದಂಡೆ

ನಮಸ್ಕಾರ. ಕುಮಟಾ-ಹೊನ್ನಾವರ ಬದಿಯ ಒಂದು ಸಣ್ಣ ಟ್ರಸ್ಟ್ ಪರವಾಗಿ ಕೇಳ್ತಾ ಇದ್ದೇನೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಓಡಾಟದ ಖರ್ಚು ನೋಡಿಕೊಳ್ಳೋದು ಟ್ರಸ್ಟಿನ ಕೆಲಸ. ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ದುಡ್ಡು ತಗೊಳ್ಳೋದಿಲ್ಲ. ಆದರೆ ವಾರಕ್ಕೆ ಮೂರು ಸಲ, ಅಂದರೆ ತಿಂಗಳಿಗೆ 13 ಸಲ, ಘಟ್ಟದ ಬುಡದ ಊರಿಂದ ಬಂದು ಹೋಗೋದಕ್ಕೆ ದುಡ್ಡು ಬೇಕಲ್ಲ. ಎಷ್ಟೋ ಜನ ಮೂರನ್ನು ಎರಡಕ್ಕೆ ಇಳಿಸುತ್ತಾರೆ. ಅಲ್ಲಿಂದ ಮೈಯಲ್ಲಿ ನೀರು ತುಂಬಿಕೊಳ್ಳೋದು ಶುರು.

ದೀಪಾವಳಿ, ತಿಥಿ, ಮಕ್ಕಳ ಹುಟ್ಟುಹಬ್ಬಕ್ಕೆ ದೇಣಿಗೆ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬತ್ತಿ ಹೋಗುತ್ತದೆ. ರೋಗಿಯ ಖರ್ಚು ಮಾತ್ರ ಎಲ್ಲಾ ತಿಂಗಳೂ ಅಷ್ಟೇ. ಅದಕ್ಕೇ ಸಂಬಳದವರ ಹತ್ತಿರ ತಿಂಗಳಿಗೆ 100, 200 ರೂ. ಕೇಳೋಣ ಅಂತ ಯೋಚನೆ. ನೂರು ಜನ 150ರ ಹಾಗೆ ಕೊಟ್ಟರೂ ತಿಂಗಳಿಗೆ 15,000 ಖಾತ್ರಿ.

ಒಂದು ಕಡೆ ಆಗಲೇ ಶುರುವಾಗಿದೆ, ತೊಡಕೂ ಆಗಿದೆ. 38 ನೌಕರರ ದುಡ್ಡು ಮಾಲೀಕರ ಖಾತೆಯಿಂದ ಒಂದೇ ಚೆಕ್ಕಿನಲ್ಲಿ ಬಂತು, ಹೆಸರಿನ ಪಟ್ಟಿ ಬರಲಿಲ್ಲ. ಈಗ 38 ಜನರೂ 80ಜಿ ರಶೀದಿ, ಅಂದರೆ ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ ಸಿಗುವ ರಶೀದಿ ಕೇಳ್ತಿದ್ದಾರೆ. ಏನು ಮಾಡೋದು? ಸಂಬಳದಲ್ಲೇ ಕಡಿತ ಮಾಡಿಸೋದು ಸರಿಯೋ, ಅವರವರ ಬ್ಯಾಂಕ್ ಖಾತೆಯಿಂದ ನೇರ ಬರೋದು ಸರಿಯೋ?

ಲೆಕ್ಕಪತ್ರ ಶಿರಸಿ

ಮೊದಲು ಚೆಕ್ಕಿನ ವಿಷಯ ಮುಗಿಸಿ. ಮಾಲೀಕರ ಖಾತೆಯಿಂದ ಬಂದ ಚೆಕ್ಕಿಗೆ ಬೇರೆ ಕಾಗದ ಇಲ್ಲದಿದ್ದರೆ ದಾನಿ ಮಾಲೀಕರೇ. ನೌಕರರ ಹೆಸರಲ್ಲಿ ರಶೀದಿ ಹರಿದರೆ ತಪ್ಪಾಗುತ್ತದೆ. ಅವರ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ತರಿಸಿ: "ಈ ಚೆಕ್ಕಿನ ಮೊತ್ತ ಸಂಸ್ಥೆಯ ದೇಣಿಗೆ ಅಲ್ಲ, ಕೆಳಗೆ ಹೆಸರಿಸಿದ ನೌಕರರ ಲಿಖಿತ ಒಪ್ಪಿಗೆ ಮೇರೆಗೆ ಅವರ ಸಂಬಳದಿಂದ ಕಡಿತ ಮಾಡಿದ್ದು." ಕೆಳಗೆ ಪಟ್ಟಿ: ಹೆಸರು, ಮನೆ ವಿಳಾಸ, ಪ್ಯಾನ್ ಅಥವಾ ಆಧಾರ್, ಮೊತ್ತ. ಪಟ್ಟಿಯ ಒಟ್ಟು ಚೆಕ್ಕಿನ ಮೊತ್ತಕ್ಕೆ ರೂಪಾಯಿ ಲೆಕ್ಕದಲ್ಲಿ ಕೂಡಿಬರಬೇಕು.

ಯಾಕೆ ಇಷ್ಟು ಬಿಗಿ ಅಂದರೆ, ಈಗ ಕೈಬರಹದ ರಶೀದಿಗೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ. ಟ್ರಸ್ಟ್ ವರ್ಷಕ್ಕೊಮ್ಮೆ ಫಾರ್ಮ್ 10ಬಿಡಿ ಸಲ್ಲಿಸಬೇಕು, ಪ್ರತಿ ದಾನಿಗೂ ಅದರಲ್ಲಿ ಒಂದು ಸಾಲು. ಆರ್ಥಿಕ ವರ್ಷ ಮುಗಿದ ಮೇಲೆ ಮೇ 31 ಕೊನೆಯ ದಿನ. ಫಾರ್ಮ್ ಸಲ್ಲಿಸಿದ ಮೇಲೆ ಆದಾಯ ತೆರಿಗೆ ಪೋರ್ಟಲ್‌ನಿಂದ 10ಬಿಇ ಪ್ರಮಾಣಪತ್ರ ಇಳಿಸಿಕೊಂಡು ದಾನಿಗೆ ಕೊಡಬೇಕು. ತಡವಾದರೆ ದಿನಕ್ಕೆ 200 ರೂ. ಶುಲ್ಕ, ಅದರ ಮೇಲೆ 10,000ದಿಂದ 1 ಲಕ್ಷದವರೆಗೆ ದಂಡ ಬೀಳಬಹುದು. ಸಣ್ಣ ಟ್ರಸ್ಟಿಗೆ ಇದು ಒಂದು ವರ್ಷದ ಆಟೋ ಬಾಡಿಗೆ.

ಪಟ್ಟಿಯಲ್ಲಿ ಹೆಚ್ಚಾಗಿ ಕೆಡುವುದು ಎರಡು. ಒಂದು, ವಿಳಾಸದ ಕಾಲಂ ಖಾಲಿ ಬಿಡುವುದು. ಇನ್ನೊಂದು ಪ್ಯಾನ್. ಹತ್ತು ಅಕ್ಷರ: ಐದು ಅಕ್ಷರ, ನಾಲ್ಕು ಅಂಕಿ, ಕೊನೆಗೊಂದು ಅಕ್ಷರ. ನಾಲ್ಕನೇ ಅಕ್ಷರ ನೋಡಿ, ವ್ಯಕ್ತಿಯದ್ದಾದರೆ ಅಲ್ಲಿ 'ಪಿ' ಇರಲೇಬೇಕು. 'ಸಿ' ಇದ್ದರೆ ಅದು ಕಂಪನಿಯ ಪ್ಯಾನ್, ಗುಮಾಸ್ತರು ಫಾರ್ಮ್ 16ರ (ಮಾಲೀಕರು ಕೊಡುವ ಸಂಬಳ-ತೆರಿಗೆ ಪ್ರಮಾಣಪತ್ರ) ಮೇಲ್ಭಾಗದಿಂದ ಎತ್ತಿ ಹಾಕಿರುತ್ತಾರೆ. 'ಓ' ಅಕ್ಷರಕ್ಕೆ ಸೊನ್ನೆ ಬರೆಯುವುದಂತೂ ಪ್ರತಿ ಪಟ್ಟಿಯಲ್ಲೂ ಇದ್ದದ್ದೇ.

ಸೊಸೈಟಿ ಗುಮಾಸ್ತ

ಪ್ಯಾನ್ ಇಲ್ಲದವರು? ನಮ್ಮ ಸಿದ್ದಾಪುರದ ಬದಿಗೆ ಹಮಾಲರು, ವಾಚ್‌ಮನ್‌ಗಳು ಎಷ್ಟೋ ಜನ ಪ್ಯಾನ್ ಮಾಡಿಸಿರೋದಿಲ್ಲ.

ಲೆಕ್ಕಪತ್ರ ಶಿರಸಿ

ಆಧಾರ್ ಆಗುತ್ತದೆ. ಎರಡೂ ಇಲ್ಲದಿದ್ದರೆ ಮತದಾರರ ಚೀಟಿ, ಚಾಲನಾ ಪರವಾನಗಿ, ರೇಷನ್ ಕಾರ್ಡ್ ಕೂಡ 10ಬಿಡಿಯಲ್ಲಿ ನಡೆಯುತ್ತದೆ. ಆ ಸಂಖ್ಯೆಗಳಿರುವ ಹಾಳೆಯ ಫೋಟೋ ಹೊಡೆದು ವಾಟ್ಸಾಪ್ ಗುಂಪಿಗೆ ಮಾತ್ರ ಹಾಕಬೇಡಿ. ಪಾಸ್‌ವರ್ಡ್ ಹಾಕಿದ ಎಕ್ಸೆಲ್, ಒಬ್ಬರ ಹತ್ತಿರ. ಅಷ್ಟೇ.

ದಾಂಡೇಲಿ ಶಿಫ್ಟ್

ಸಂಬಳದಲ್ಲೇ ಕಡಿತ ಮಾಡಿಸಿ ಮಾರಾಯ್ರೆ. ಪೇ ಸ್ಲಿಪ್‌ನಲ್ಲಿ ಪಿಎಫ್ ಇದೆ, ವೃತ್ತಿ ತೆರಿಗೆ 200 ಇದೆ, ಅದರ ಕೆಳಗೆ ಇನ್ನೊಂದು ಸಾಲು. ಕೈಗೆ ಬರುವ ಮೊದಲೇ ಹೋದದ್ದು ಯಾರಿಗೂ ಭಾರ ಅನ್ನಿಸೋದಿಲ್ಲ. ಬ್ಯಾಂಕ್ ಮ್ಯಾಂಡೇಟ್ (ತಿಂಗಳು ತಿಂಗಳು ಖಾತೆಯಿಂದ ತಾನೇ ದುಡ್ಡು ಹೋಗಲಿ ಅನ್ನೋ ಒಪ್ಪಿಗೆ) ಆದರೆ ಖಾತೆಯಲ್ಲಿ ದುಡ್ಡಿಲ್ಲದೆ ಬೌನ್ಸ್ ಆಗುತ್ತದೆ, ಬ್ಯಾಂಕಿನವರು ನೌಕರನಿಗೇ ದಂಡ ಹಾಕುತ್ತಾರೆ. 100 ಕೊಡಲು ಹೋಗಿ ಅದಕ್ಕಿಂತ ಹೆಚ್ಚು ದಂಡ ಕಟ್ಟಿದವನು ಮತ್ತೆ ಆ ಟ್ರಸ್ಟಿನ ಹೆಸರೆತ್ತೋದಿಲ್ಲ.

ಇಂಗ್ಲೆಂಡಿನಲ್ಲಿ 1987ರಿಂದ ಇದಕ್ಕೆಂದೇ ಸರ್ಕಾರದ ಪದ್ಧತಿ ಇದೆ. ಸಂಬಳದಿಂದ ತೆರಿಗೆ ಲೆಕ್ಕ ಹಾಕುವ ಮೊದಲೇ ದೇಣಿಗೆ ಕಳೆಯುತ್ತಾರೆ, ನೌಕರ ಯಾವ ಫಾರ್ಮೂ ತುಂಬಬೇಕಿಲ್ಲ. ಇಲ್ಲಿ ಆ ಸೌಕರ್ಯ ಇಲ್ಲ, ಆದರೂ ಕಡಿತವೇ ಗಟ್ಟಿ ದಾರಿ.

ಲೆಕ್ಕಪತ್ರ ಶಿರಸಿ

ಶಿಫ್ಟಿನವರೇ, ಬೌನ್ಸ್ ವಿಷಯ ಒಪ್ಪಿದೆ. ಉಳಿದದ್ದಕ್ಕೆ ತಕರಾರಿದೆ. ಸಂಬಳದಿಂದ ಏನೇನು ಕಡಿತ ಮಾಡಬಹುದು ಎಂದು ಕಾನೂನೇ ಪಟ್ಟಿ ಕೊಟ್ಟಿದೆ. ಮೊದಲು 1936ರ ವೇತನ ಪಾವತಿ ಕಾಯ್ದೆಯಲ್ಲಿತ್ತು, ಈಗ 2025ರ ನವೆಂಬರ್ 21ರಿಂದ ಜಾರಿಗೆ ಬಂದ 2019ರ ವೇತನ ಸಂಹಿತೆಯಲ್ಲಿದೆ. ಒಟ್ಟು ಕಡಿತ ಸಂಬಳದ ಅರ್ಧ ದಾಟುವಂತಿಲ್ಲ. ಹಳೆಯ ಕಾಯ್ದೆಯಲ್ಲಿ ಲಿಖಿತ ಒಪ್ಪಿಗೆಯ ಮೇಲೆ ಪ್ರಧಾನ ಮಂತ್ರಿ ಪರಿಹಾರ ನಿಧಿಗೂ ಸರ್ಕಾರ ಅಧಿಸೂಚಿಸಿದ ನಿಧಿಗಳಿಗೂ ಕಡಿತ ಮಾಡಬಹುದು ಎಂದು ಬಿಡಿಸಿ ಬರೆದಿತ್ತು. ಊರಿನ ಟ್ರಸ್ಟ್ ಆ ಪಟ್ಟಿಯಲ್ಲಿ ಬರುವುದಿಲ್ಲ. ಸೊಸೈಟಿ ಸಾಲದ ಕಂತು, ಪಿಎಫ್, ಅಡ್ವಾನ್ಸ್ ಎಲ್ಲಾ ಸೇರಿ ಅರ್ಧಕ್ಕೆ ಹತ್ತಿರ ಬಂದಿರುವವನ ಸಂಬಳದಲ್ಲಿ ಇನ್ನೊಂದು ಕಡಿತ ಹಾಕಿದರೆ ಸಿಕ್ಕಿಬೀಳುವವರು ಮಾಲೀಕರು. ಅದಕ್ಕೇ ಎಷ್ಟೋ ಕಡೆ ಲೆಕ್ಕದ ವಿಭಾಗದವರು ಹಿಂದೇಟು ಹಾಕುತ್ತಾರೆ. ಅವರಿಗೆ ಮನಸ್ಸಿಲ್ಲ ಎಂದು ತಿಳಿಯಬೇಡಿ.

ಇನ್ನೊಂದು, ಕೆಲಸ ಬಿಟ್ಟರೆ ಕಡಿತ ಅಲ್ಲಿಗೇ ನಿಂತಿತು. ಬ್ಯಾಂಕ್ ಮ್ಯಾಂಡೇಟ್ ಆದರೆ ಮನುಷ್ಯ ಹುಬ್ಬಳ್ಳಿಗೆ ವರ್ಗವಾದರೂ ಬರುತ್ತಲೇ ಇರುತ್ತದೆ. ರಶೀದಿಯ ತಂಟೆಯೂ ಇಲ್ಲ, ಪ್ರತಿ ಪಾವತಿ ಅವರವರ ಹೆಸರಿನಲ್ಲೇ ನಮೂದಾಗುತ್ತದೆ.

ದಾಂಡೇಲಿ ಶಿಫ್ಟ್

ಹಾಗಾದರೆ ಬೌನ್ಸಿಗೆ ಏನು ಮದ್ದು?

ಲೆಕ್ಕಪತ್ರ ಶಿರಸಿ

ತಾರೀಖು. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಕೊಡಬೇಕು ಎನ್ನುತ್ತದೆ ಸಂಹಿತೆ. ಟ್ರಸ್ಟಿನವರು 1ಕ್ಕೋ 5ಕ್ಕೋ ಮ್ಯಾಂಡೇಟ್ ಇಡುತ್ತಾರೆ, ಸಂಬಳ ಬಿದ್ದೇ ಇರುವುದಿಲ್ಲ. 8ರಿಂದ 10ರೊಳಗೆ ಇಡಿ. 15 ದಾಟಿಸಬೇಡಿ, ಅಷ್ಟೊತ್ತಿಗೆ ಮನೆ ಬಾಡಿಗೆ, ಕಂತು, ಅಂಗಡಿ ಲೆಕ್ಕ ಎಲ್ಲಾ ಹೋಗಿ ಖಾತೆ ಬರಿದಾಗಿರುತ್ತದೆ. ಎರಡು ತಿಂಗಳು ಸಾಲಾಗಿ ಬೌನ್ಸ್ ಆದರೆ ಮೂರನೆಯದನ್ನು ಹಾಕುವ ಮೊದಲು ಫೋನ್ ಮಾಡಿ ಕೇಳಿ.

ದಾರಿ ಮೂರಿವೆ. ದಾನಿಯ ಖಾತೆ, ಟ್ರಸ್ಟ್ ಖಾತೆ ಒಂದೇ ಬ್ಯಾಂಕಿನಲ್ಲಿದ್ದರೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ (ಪ್ರತಿ ತಿಂಗಳು ಇಷ್ಟು ಕಳಿಸಿ ಎಂಬ ಸೂಚನೆ) ಎಲ್ಲಕ್ಕಿಂತ ಸುಲಭ, ಒಂದು ಪುಟದ ಅರ್ಜಿ. ಬೇರೆ ಬೇರೆ ಬ್ಯಾಂಕ್ ಆದರೆ ನ್ಯಾಚ್ (ಬ್ಯಾಂಕುಗಳ ನಡುವಿನ ಸ್ವಯಂ ಪಾವತಿ ವ್ಯವಸ್ಥೆ) ಮ್ಯಾಂಡೇಟ್. ಇದರಲ್ಲಿ ಸಹಿ ಬ್ಯಾಂಕಿನ ದಾಖಲೆಗೆ ಹೊಂದದೆ ಫಾರ್ಮ್ ವಾಪಸ್ ಬರೋದು ಬಹಳ, ಪಾಸ್‌ಬುಕ್‌ನಲ್ಲಿ ಕನ್ನಡ ಸಹಿ, ಫಾರ್ಮಿನಲ್ಲಿ ಇಂಗ್ಲಿಷ್ ಸಹಿ. ಮೂರನೆಯದು ಯುಪಿಐ ಆಟೋಪೇ: ಒಮ್ಮೆ ಪಿನ್ ಹಾಕಿದರೆ 15,000ದವರೆಗಿನ ಕಂತಿಗೆ ಮತ್ತೆ ಪಿನ್ ಬೇಡ, ಕಡಿತಕ್ಕೆ 24 ಗಂಟೆ ಮೊದಲು ಸಂದೇಶ ಬರುತ್ತದೆ, ಫೋನಿನಲ್ಲೇ ನಿಲ್ಲಿಸಲೂ ಬರುತ್ತದೆ. ನ್ಯಾಚ್‌ಗೂ ಆಟೋಪೇಗೂ ನಡುವೆ ಪೇಮೆಂಟ್ ಗೇಟ್‌ವೇ (ಪಾವತಿ ಮುಟ್ಟಿಸುವ ಕಂಪನಿ) ಬೇಕಾಗಬಹುದು, ಶುಲ್ಕ ಕೇಳಿಕೊಳ್ಳಿ. ಶೇ 2 ಎಂದು ಹಿಡಿದರೆ 100ಕ್ಕೆ 2 ರೂ., ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 2.36. ಕಂತಿಗೆ ಇಷ್ಟು ಎಂದು ನಿಗದಿ ಶುಲ್ಕ ಇದ್ದರೆ 50 ರೂ. ದೇಣಿಗೆಗೆ ಅದು ದುಬಾರಿ. ಆಗ ತಿಂಗಳ ಬದಲು ಮೂರು ತಿಂಗಳಿಗೊಮ್ಮೆ 150 ಮಾಡಿ.

ಬಂದರು ರಸ್ತೆ

ಸಂಬಳ ಸಂಬಳ ಅಂತೀರಿ, ಬೋಟಿನವರಿಗೆ ಎಲ್ಲಿಯ ಸಂಬಳ? ಪಾಲು. ಮೀನು ಬಿದ್ದ ದಿನ ದುಡ್ಡು. ಜೂನ್ 1ರಿಂದ ಜುಲೈ 31, 61 ದಿನ ಯಾಂತ್ರೀಕೃತ ಬೋಟ್ ಇಳಿಯೋ ಹಾಗಿಲ್ಲ. ಬಂದರಿನಲ್ಲಿ ಕೇಳೋದಾದರೆ ಆ ಎರಡು ತಿಂಗಳು ಬಿಟ್ಟು ಹತ್ತು ತಿಂಗಳ ಮ್ಯಾಂಡೇಟ್ ಮಾಡಿ. ಬರ್ಫದ ಕಾರ್ಖಾನೆ, ಮೀನು ಸಾಗಿಸುವ ಲಾರಿಯವರಿಗೂ ಅದೇ ಲೆಕ್ಕ.

ಗೇರುಬೀಜ ಹೊನ್ನಾವರ

ಗೇರು ಕಾರ್ಖಾನೆಯ ಹೆಂಗಸರ ಹತ್ತಿರ ಕೇಳ್ಲೇಬೇಡಿ ಅಂತ ನನ್ನ ಕೈಮುಗಿದ ವಿನಂತಿ. ಸಿಪ್ಪೆ ತೆಗೆದ ಕಿಲೋ ಲೆಕ್ಕದ ಕೂಲಿ ಅದು. ಅದರಲ್ಲಿ 50 ರೂ. ಅಂದರೆ ಮಗುವಿನ ಬಿಸ್ಕಿಟು, ಹಾಲು.

ಸೊಸೈಟಿ ಗುಮಾಸ್ತ

ನಾನು ಒಪ್ಪೋದಿಲ್ಲ. ಕೇಳದೇ ಬಿಡೋದೂ ಒಂದು ಬಗೆಯ ಸಣ್ಣದು ಮಾಡಿದ ಹಾಗೆ. ಡಯಾಲಿಸಿಸ್‌ಗೆ ಹೋಗೋದು ಅವರ ಮನೆಯವರೇ. ಕಾರಕೂನರಿಗೆ, ಮ್ಯಾನೇಜರಿಗೆ ಕೇಳಿ ಕೂಲಿಯವರನ್ನು ದಾಟಿ ಹೋದರೆ "ನಮ್ಮನ್ನ ಲೆಕ್ಕಕ್ಕೇ ಹಿಡಿದಿಲ್ಲ" ಅಂತಾರೆ. 10 ರೂ. ಆದರೂ ಕೊಡೋ ಹಕ್ಕು ಅವರಿಗೂ ಇದೆ.

ಗೇರುಬೀಜ ಹೊನ್ನಾವರ

ಹಕ್ಕಿನ ಮಾತು ಸರಿ ಗುಮಾಸ್ತರೇ. ಆದರೆ ಕೇಳೋದು ಯಾರು? ಮಾಲೀಕರ ಪಕ್ಕ ಟ್ರಸ್ಟಿನವರು ನಿಂತು ಕೇಳಿದರೆ ಬೇಡ ಅನ್ನೋ ಧೈರ್ಯ ಯಾರಿಗಿದೆ? ನಾಳೆ ಬೀಜ ತೂಗುವವನು ಮುಖ ಸಿಂಡರಿಸಿದರೆ? ಒತ್ತಾಯ ಬಾಯಲ್ಲಿ ಬರಬೇಕು ಅಂತೇನಿಲ್ಲ.

ದಾಂಡೇಲಿ ಶಿಫ್ಟ್

ಇದಕ್ಕೊಂದು ಉಪಾಯ ಇದೆ. ಎಲ್ಲರಿಗೂ ಲಕೋಟೆ ಕೊಡಿ, ಒಳಗೆ ಒಪ್ಪಿಗೆ ಪತ್ರ. ಅದರಲ್ಲಿ 50, 100, 200, "ಬೇರೆ ಮೊತ್ತ", ಮತ್ತೆ "ಈಗ ಬೇಡ" ಅಂತ ಐದು ಚೌಕ. ಕೊಡುವವರೂ ಕೊಡದವರೂ ಎಲ್ಲರೂ ಅಂಟಿಸಿ ಅದೇ ಪೆಟ್ಟಿಗೆಗೆ ಹಾಕಬೇಕು. ಲಕೋಟೆ ಹಾಕಿದ್ದು ಕಾಣುತ್ತದೆ, ಒಳಗೇನಿದೆ ಅಂತ ಕಾಣೋದಿಲ್ಲ. ಪೆಟ್ಟಿಗೆ ಒಡೆಯೋದು ಟ್ರಸ್ಟಿನವರು ಮಾತ್ರ, ಸೂಪರ್‌ವೈಸರ್ ಅಲ್ಲ.

ಮಾತಾಡಲು ಹೋಗುವ ಮುಂಚೆ ಯೂನಿಯನ್ನಿಗೆ ಹೇಳಿ. ಮ್ಯಾನೇಜ್‌ಮೆಂಟ್ ಮೂಲಕ ಮೊದಲು ಸುದ್ದಿ ಬಂದರೆ ಇದು ಮ್ಯಾನೇಜ್‌ಮೆಂಟ್ ವಂತಿಗೆ ಅಂತ ಹೆಸರು ಬೀಳುತ್ತದೆ, ಆಮೇಲೆ ತೊಳೆದರೂ ಹೋಗೋದಿಲ್ಲ. ಮೂರು ಶಿಫ್ಟ್ ಇರುವಲ್ಲಿ ಬೆಳಿಗ್ಗೆ ಶಿಫ್ಟ್ ಬಿಡುವ 2 ಗಂಟೆಗೆ ಹೋಗಬೇಡಿ, ಬಸ್ಸಿಗೆ ಓಡ್ತಾರೆ. ಕ್ಯಾಂಟೀನ್ ಹೊತ್ತಿನಲ್ಲಿ 10 ನಿಮಿಷ, ಒಬ್ಬರೇ ಮಾತಾಡಿ, ಮೈಕು ಬೇಡ.

ಅಂಕೋಲೆ ಅಕ್ಕೋರು

ಲಕೋಟೆ ವಿಚಾರ ಬಹಳ ಚೊಲೋ ಇದೆ. ಒಂದು ಪ್ರಶ್ನೆ. ಸರ್ಕಾರಿ ಶಾಲೆಯವರು ಮುಖ್ಯಮಂತ್ರಿ ಪರಿಹಾರ ನಿಧಿಗೆ ಒಂದು ದಿನದ ಸಂಬಳ ಕೊಡೋದು ಬಿಲ್ಲಿನಲ್ಲೇ ಆಗ್ತದೆ. ಹಾಗೇ ಟ್ರಸ್ಟಿಗೂ ಮಾಡಿಸಬಹುದಾ? ತಾಲ್ಲೂಕಿನಲ್ಲಿ ಶಿಕ್ಷಕರೇ ಎಷ್ಟು ಜನ ಇದ್ದೇವೆ.

ಕಾಳಿ ಕಣಿವೆ

ಆಗೋದಿಲ್ಲ ಅಕ್ಕೋರೇ. ಒಂದು ದಿನದ ಸಂಬಳಕ್ಕೆ ನೌಕರರ ಸಂಘ ಒಪ್ಪಿ ಸರ್ಕಾರದ ಆದೇಶ ಬಂದಿರುತ್ತದೆ. ಆದೇಶವಿಲ್ಲದೆ ಡಿಡಿಓ (ಸಂಬಳದ ಬಿಲ್ ಮಾಡುವ ಅಧಿಕಾರಿ) ಬಿಲ್ಲಿಗೆ ಖಾಸಗಿ ಟ್ರಸ್ಟಿನ ಕಡಿತ ಸೇರಿಸಲಾರರು. ಪರಿಹಾರ ನಿಧಿಗೆ ಡಿಡಿಓ ಕೊಡುವ ಪ್ರಮಾಣಪತ್ರವೇ 80ಜಿಗೆ ಸಾಕು. ಟ್ರಸ್ಟಿನ ದೇಣಿಗೆ ಆದರೆ ನೌಕರರು ರಿಟರ್ನ್ ಸಲ್ಲಿಸುವಾಗ 10ಬಿಇ ಇಟ್ಟುಕೊಂಡು ಸ್ವತಃ ಹಾಕಿಕೊಳ್ಳಬೇಕು.

ಅದಕ್ಕಿಂತ ಮುಖ್ಯ ವಿಷಯ ಇನ್ನೊಂದು. ಕೇಂದ್ರ ನೌಕರರಿಗೆ 1964ರ ನಡತೆ ನಿಯಮಗಳ 12ನೇ ನಿಯಮ ಇದೆ: ಮೊದಲೇ ಅನುಮತಿ ಇಲ್ಲದೆ ಯಾವ ಉದ್ದೇಶಕ್ಕೂ ವಂತಿಗೆ ಕೇಳುವಂತಿಲ್ಲ, ಸ್ವೀಕರಿಸುವಂತಿಲ್ಲ. ರಾಜ್ಯದ ನಡತೆ ನಿಯಮಗಳಲ್ಲೂ ಅಂಥದ್ದೇ ಇದೆ. ಕೊಡೋದಕ್ಕೆ ಅಡ್ಡಿ ಇಲ್ಲ, ಎತ್ತೋದಕ್ಕೆ ಅಡ್ಡಿ. ಮುಖ್ಯೋಪಾಧ್ಯಾಯರು ಸ್ಟಾಫ್ ರೂಮಿನಲ್ಲಿ ಪಟ್ಟಿ ಹಿಡಿದು ಕೂತರೆ ಅವರಿಗೇ ನೋಟಿಸ್ ಬರಬಹುದು. ಕಾರವಾರದಲ್ಲಿ ಕೇಂದ್ರ, ರಾಜ್ಯ ಎರಡೂ ಕಡೆಯ ನೌಕರರು ಬೇಕಾದಷ್ಟು ಇದ್ದಾರೆ. ಅವರನ್ನು ತಲುಪಬೇಕಾದರೆ ಟ್ರಸ್ಟಿನವರೇ ಕಚೇರಿ ಮುಖ್ಯಸ್ಥರಿಗೆ ಅರ್ಜಿ ಕೊಟ್ಟು, ಸೂಚನಾ ಫಲಕದಲ್ಲಿ ಕ್ಯೂಆರ್ ಇರುವ ಒಂದು ಹಾಳೆ ಹಚ್ಚಲು ಅನುಮತಿ ಪಡೆಯಿರಿ. ಒಳಗಿನವರ ಕೈಯಲ್ಲಿ ದುಡ್ಡು ಮುಟ್ಟಿಸಬೇಡಿ.

ಅಂಕೋಲೆ ಅಕ್ಕೋರು

ಗೊತ್ತಿರಲಿಲ್ಲ, ಉಪಕಾರ ಆಯ್ತು. ಹಾಗಾದರೆ ಟೇಬಲ್ಲಿನ ಮೇಲೆ ಒಂದು ಡಬ್ಬಿ ಇಟ್ಟರೆ?

ಲೆಕ್ಕಪತ್ರ ಶಿರಸಿ

ಡಬ್ಬಿಯ ದುಡ್ಡಿಗೆ ಹೆಸರಿಲ್ಲ. ಹೆಸರಿಲ್ಲದ ದಾನ ವರ್ಷಕ್ಕೆ 1 ಲಕ್ಷ ಅಥವಾ ಒಟ್ಟು ದೇಣಿಗೆಯ ಶೇ 5, ಯಾವುದು ಹೆಚ್ಚೋ ಅಲ್ಲಿಯವರೆಗೆ ತೊಂದರೆ ಇಲ್ಲ. ಮೀರಿದ್ದಕ್ಕೆ ಟ್ರಸ್ಟ್ ಶೇ 30 ತೆರಿಗೆ ಕಟ್ಟಬೇಕು. ಒಂದು ಡಬ್ಬಿ ಇಡಿ, ಇಪ್ಪತ್ತು ಬೇಡ. ಇಬ್ಬರು ಸೇರಿ ಒಡೆದು, ಎಣಿಸಿ, ಇಬ್ಬರೂ ಸಹಿ ಮಾಡಿ, ಮರುದಿನವೇ ಬ್ಯಾಂಕಿಗೆ. ನಗದು ಬಗ್ಗೆ ಇನ್ನೊಂದು: 2,000 ಮೀರಿದ ನಗದಿಗೆ 80ಜಿ ಇಲ್ಲವೇ ಇಲ್ಲ.

ಕಾಳಿ ಕಣಿವೆ

80ಜಿ 80ಜಿ ಅಂತ ಇಷ್ಟೆಲ್ಲಾ ಬರೆದಿರಿ. ಅದನ್ನೇ ಆಸೆ ತೋರಿಸಿ ದೇಣಿಗೆ ಕೇಳೋದು ತಪ್ಪು ದಾರಿ ಅಂತ ನನ್ನ ಗಟ್ಟಿ ಅಭಿಪ್ರಾಯ. ಹೊಸ ತೆರಿಗೆ ಪದ್ಧತಿಯಲ್ಲಿ 80ಜಿ ಸಿಗೋದಿಲ್ಲ, 2023-24ರಿಂದ ನಾವು ಬೇಡ ಅನ್ನದಿದ್ದರೆ ಹೊಸದೇ ಲಾಗೂ. 2025-26ರಿಂದ ಸಂಬಳದವರಿಗೆ 12.75 ಲಕ್ಷದವರೆಗೆ ತೆರಿಗೆಯೇ ಇಲ್ಲ. ನಮ್ಮ ಜಿಲ್ಲೆಯಲ್ಲಿ ಅದಕ್ಕಿಂತ ಹೆಚ್ಚು ಸಂಬಳ ಎಷ್ಟು ಜನರಿಗಿದೆ? ಹಳೆ ಪದ್ಧತಿಯಲ್ಲಿರುವವರಿಗೂ ಇಂಥ ಟ್ರಸ್ಟಿಗೆ ಕೊಟ್ಟದ್ದರಲ್ಲಿ ಅರ್ಧಕ್ಕೆ ಮಾತ್ರ ರಿಯಾಯಿತಿ. "ತೆರಿಗೆ ಉಳಿಯುತ್ತದೆ" ಅಂತ ಹೇಳಿ ಸಹಿ ಹಾಕಿಸಿ, ಜುಲೈನಲ್ಲಿ ರಿಟರ್ನ್ ಹಾಕುವಾಗ ಏನೂ ಉಳಿಯದಿದ್ದರೆ ಟ್ರಸ್ಟ್ ಸುಳ್ಳು ಹೇಳಿದ ಹಾಗೆ ಆಗುತ್ತದೆ.

ಲೆಕ್ಕಪತ್ರ ಶಿರಸಿ

ನೂರಕ್ಕೆ ನೂರು ಒಪ್ಪಿದೆ. ಕೇಳುವಾಗ ರೋಗಿಯ ಓಡಾಟದ ಲೆಕ್ಕ ಹೇಳಿ ಕೇಳಿ. ಆದರೆ ದಾನಿಗೆ ಉಪಯೋಗ ಇರಲಿ ಬಿಡಲಿ, ಟ್ರಸ್ಟಿಗೆ 80ಜಿ ಇದ್ದರೆ 10ಬಿಡಿ ಬಿಡುವಂತಿಲ್ಲ, ಹಾಗಾಗಿ ಪಟ್ಟಿ ಬೇಕೇ ಬೇಕು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಸೆಕ್ಷನ್, ಫಾರ್ಮುಗಳ ನಂಬರ್ ಬೇರೆ. ಎಲ್ಲರ ಬಾಯಲ್ಲಿರುವ ಹಳೆಯ ಹೆಸರಲ್ಲೇ ಇಲ್ಲಿ ಬರೆದಿದ್ದೇನೆ, ಅರ್ಜಿ ಹಾಕುವಾಗ ಆಡಿಟರ್ ಹತ್ತಿರ ಹೊಸ ನಂಬರ್ ಕೇಳಿಕೊಳ್ಳಿ. ನೋಂದಣಿಯ ಅವಧಿಯನ್ನೂ ನೋಡಿ. ತಾತ್ಕಾಲಿಕ 80ಜಿ ಮೂರು ವರ್ಷ, ಖಾಯಂ ಐದು ವರ್ಷ, ಮುಗಿಯುವ ಆರು ತಿಂಗಳು ಮೊದಲೇ ಅರ್ಜಿ. ಮರೆತರೆ ಅಲ್ಲಿಂದ ಮುಂದೆ ಬಂದ ದೇಣಿಗೆಗೆ ಪ್ರಮಾಣಪತ್ರ ಕೊಡಲು ಬರುವುದಿಲ್ಲ.

ಅಘನಾಶಿನಿ ದಂಡೆ

ರೋಗಿಯ ಲೆಕ್ಕ ಹೀಗೆ ಬರೆಯೋಣ ಅಂತ ಇದ್ದೆವು: ಬಸ್ಸಿಗೆ ಒಂದು ಬದಿ 60 ರೂ., ರೋಗಿ ಮತ್ತು ಜೊತೆಗೊಬ್ಬರು, ಹೋಗಿ ಬಂದು 240, ಹದಿಮೂರು ಸಲಕ್ಕೆ 3,120. ಸರಿ ಕಾಣ್ತದಾ?

ಅಂಕೋಲೆ ಅಕ್ಕೋರು

ಇಲ್ಲ ತಮ್ಮ, ಇದು ಹಳೇ ಲೆಕ್ಕ. ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ. ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ರೋಗಿ ಗಂಡಸು, ಜೊತೆಗೆ ಹೆಂಡತಿ ಅಂದರೆ ಒಂದೇ ಟಿಕೆಟ್, ತಿಂಗಳಿಗೆ 1,560. ಇಬ್ಬರೂ ಹೆಂಗಸರಾದರೆ ಸೊನ್ನೆ. ನೌಕರರ ಮುಂದೆ 3,120 ಅಂತ ಹೇಳಿದರೆ ಹಿಂದಿನ ಬೆಂಚಿನಿಂದ ಯಾರಾದರೂ ಇದನ್ನೇ ಕೇಳ್ತಾರೆ.

ನಿಜವಾದ ಖರ್ಚು ಬಸ್ಸಿನದ್ದಲ್ಲ. ಮನೆಯಿಂದ ಬಸ್ ನಿಲ್ಲುವ ರಸ್ತೆ ತನಕ ಆಟೋ, ಸ್ಟ್ಯಾಂಡಿನಿಂದ ಆಸ್ಪತ್ರೆಗೆ ಆಟೋ. ನಾಲ್ಕು ತಾಸು ಮಲಗಿ ಎದ್ದವರಿಗೆ ಕಾಲು ಸೋತಿರ್ತದೆ, ಬಸ್ಸಿನಲ್ಲಿ ನಿಂತು ಬರಲಿಕ್ಕೆ ಆಗೋದಿಲ್ಲ. ಸಂಜೆಯ ಪಾಳಿ ಆದರೆ ವಾಪಸ್ ಹಳ್ಳಿ ಬಸ್ಸೇ ಇರೋದಿಲ್ಲ.

ಬಂದರು ರಸ್ತೆ

ಅಕ್ಕೋರು ಹೇಳಿದ್ದೇ ಸರಿ. ಆ ಮಟ್ಟಿಗೆ ನಮ್ಮ ಜಿಲ್ಲೆಗೆ ಒಂದು ಸರಿಯಾದ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಇದ್ದಿದ್ದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಓಡೋದೇ ತಪ್ಪುತ್ತಿತ್ತು. 2022ರಲ್ಲಿ ಶಿರೂರು ಟೋಲ್ ಹತ್ತಿರ ಹೊನ್ನಾವರದ ಆಂಬುಲೆನ್ಸ್ ಅಪಘಾತ ಆದಾಗ ಜಿಲ್ಲೆಯೇ ಎದ್ದು ಕೂಗಿತ್ತು.

ಕಾಳಿ ಕಣಿವೆ

ಆ ಬೇಡಿಕೆ ಬಿಡಬಾರದು ಅಣ್ಣಾ, ಆದರೆ ಅದು ಬೇರೆ ಚರ್ಚೆ. ಆಸ್ಪತ್ರೆ ಬರುವ ತನಕ ಸೋಮವಾರ, ಬುಧವಾರ, ಶುಕ್ರವಾರದ ಆಟೋ ಬಾಡಿಗೆ ಯಾರಾದರೂ ಕೊಡಲೇಬೇಕು.

ಬೆಂಗಳೂರಲ್ಲಿ ಯಲ್ಲಾಪುರ

ಐಟಿ ಕಂಪನಿಗಳಲ್ಲಿರುವ ನಮ್ಮೂರಿನವರನ್ನು ಯಾಕೆ ಮರೆತಿರಿ? ಎಷ್ಟೋ ಕಂಪನಿಗಳಲ್ಲಿ ನೌಕರ 1,000 ಕೊಟ್ಟರೆ ಕಂಪನಿಯೂ 1,000 ಸೇರಿಸುವ ಪದ್ಧತಿ ಇದೆ. ಆದರೆ ಅವರ ವೇದಿಕೆಯಲ್ಲಿ ಟ್ರಸ್ಟಿನ ಹೆಸರು ಇರಬೇಕು. 12ಎಬಿ (ಟ್ರಸ್ಟಿನ ಆದಾಯ ತೆರಿಗೆ ನೋಂದಣಿ), 80ಜಿ, ಟ್ರಸ್ಟ್ ಡೀಡ್, ಪ್ಯಾನ್, ರದ್ದು ಮಾಡಿದ ಚೆಕ್, ಸ್ವಯಂಸೇವಾ ಸಂಸ್ಥೆಗಳಿಗಿರುವ ಸರ್ಕಾರದ ದರ್ಪಣ್ ಪೋರ್ಟಲ್ಲಿನ ಐಡಿ, ಮೂರು ವರ್ಷದ ಆಡಿಟ್ ವರದಿ ಎಲ್ಲಾ ಪಿಡಿಎಫ್ ಮಾಡಿ ಒಂದೇ ಕಡೆ ಇಟ್ಟುಕೊಳ್ಳಿ. ಸಿಎಸ್‌ಆರ್ (ಕಂಪನಿಗಳು ಸಮಾಜಕ್ಕೆ ಖರ್ಚು ಮಾಡುವ) ದುಡ್ಡಾದರೆ 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನೋಂದಣಿಯೂ ಕಡ್ಡಾಯ. ಪ್ಯಾನ್‌ನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು ಹೆಸರು ಇದ್ದರೆ ಅಲ್ಲೇ ನಿಲ್ಲುತ್ತದೆ. "ಸೇವಾ ಟ್ರಸ್ಟ್" ಮತ್ತು "ಸೇವಾ ಟ್ರಸ್ಟ್ (ರಿ)" ಇಷ್ಟು ವ್ಯತ್ಯಾಸ ಸಾಕು.

ಅಕ್ಟೋಬರ್ 2ರಿಂದ 8ರ ದಾನ್ ಉತ್ಸವದ ವಾರದಲ್ಲಿ ಕಂಪನಿಗಳು ತಾವೇ ಸಂಸ್ಥೆಗಳನ್ನು ಹುಡುಕುತ್ತವೆ. ಅರ್ಜಿಯನ್ನು ಜುಲೈನಲ್ಲೇ ಹಾಕಿದರೆ ಅಷ್ಟರಲ್ಲಿ ಕಾಗದಪತ್ರ ನೋಡಿ ಮುಗಿಸಿರುತ್ತಾರೆ.

ಲೆಕ್ಕಪತ್ರ ಶಿರಸಿ

ಒಂದು ಎಚ್ಚರಿಕೆ ಸೇರಿಸುತ್ತೇನೆ. ಕಂಪನಿ ಸೇರಿಸುವ ಪಾಲು ವಿದೇಶದ ಮಾತೃಸಂಸ್ಥೆಯಿಂದ ಬಂದರೆ ಅದು ವಿದೇಶಿ ವಂತಿಗೆ. ವಿದೇಶಿ ವಂತಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಯೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಯೂ ಇಲ್ಲದೆ ಒಂದು ರೂಪಾಯಿ ತಗೊಳ್ಳಬಾರದು. "ಈ ದುಡ್ಡು ಯಾವ ಖಾತೆಯಿಂದ ಬರುತ್ತದೆ" ಎಂದು ಬರಹದಲ್ಲಿ ಕೇಳಿ.

ಭಟ್ಕಳ ಕೊಲ್ಲಿ

ನಮ್ಮಲ್ಲಿ ಅರ್ಧ ಊರು ದುಬೈ, ಮಸ್ಕತ್, ದಮ್ಮಾಮ್‌ನಲ್ಲಿದೆ. ಅವರು ಕಳಿಸೋದೂ ವಿದೇಶಿ ವಂತಿಗೆಯಾ?

ಲೆಕ್ಕಪತ್ರ ಶಿರಸಿ

ಅಲ್ಲ ಭಾಯಿ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ವಿದೇಶಿ ವಂತಿಗೆ ಎನಿಸುವುದಿಲ್ಲ. ಪಾಸ್‌ಪೋರ್ಟ್ ಪ್ರತಿ ಫೈಲಿನಲ್ಲಿ ಇಡಿ. ಬೇರೆ ದೇಶದ ಪೌರತ್ವ ತಗೊಂಡವರು ಕೊಟ್ಟರೆ, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ವಿದೇಶಿ ವಂತಿಗೆಯೇ. ಅಲ್ಲಿಯ ಕಂಪನಿ ಕೊಟ್ಟರೂ ಅಷ್ಟೇ.

ಸೊಸೈಟಿ ಗುಮಾಸ್ತ

ಸಹಕಾರಿ ಸಂಘಗಳ ಬಗ್ಗೆ ಯಾರೂ ಬರೆದಿಲ್ಲ. ಶಿರಸಿ-ಸಿದ್ದಾಪುರದಲ್ಲಿ ದೊಡ್ಡ ನೌಕರಿ ಅಂದರೆ ಅಡಿಕೆ ಸೊಸೈಟಿ, ಸಹಕಾರಿ ಬ್ಯಾಂಕುಗಳೇ. ಇಲ್ಲಿ ಎರಡು ಬಾಗಿಲು. ನೌಕರರದ್ದು ಬೇರೆ, ಸಂಘದ್ದು ಬೇರೆ. ಸಂಘದ ದುಡ್ಡು ಕೇಳೋದಾದರೆ ಬೈಲಾದಲ್ಲಿ ಧರ್ಮಾರ್ಥಕ್ಕೆ ಅವಕಾಶ ಇದೆಯಾ ನೋಡಿ, ಲಾಭ ವಿಂಗಡಣೆ ಮಹಾಸಭೆಯಲ್ಲೇ ಆಗಬೇಕು. ಸೆಪ್ಟೆಂಬರ್ ಮಹಾಸಭೆಯ ವಿಷಯಪಟ್ಟಿ ಅಚ್ಚಾಗುವ ಮೊದಲು ಆಡಳಿತ ಮಂಡಳಿಗೆ ಪತ್ರ ಮುಟ್ಟಿಸಿ ಠರಾವು ಮಾಡಿಸಬೇಕು. ಸಭೆಯ ದಿನ ಎದ್ದು ನಿಂತು ಕೇಳಿದರೆ ಚಪ್ಪಾಳೆ ಬೀಳುತ್ತದೆ, ದುಡ್ಡು ಬರೋದಿಲ್ಲ.

ಅಂದಹಾಗೆ ಕೊಟ್ಟವರ ಹೆಸರು ಬೋರ್ಡಿಗೆ ಹಾಕಿ. ದೇವಸ್ಥಾನದ ಕಲ್ಲಿನ ಮೇಲೆ ಹೆಸರು ಕೆತ್ತಿಸಿದ್ದಕ್ಕೇ ನಮ್ಮಲ್ಲಿ ಅರ್ಧ ಜೀರ್ಣೋದ್ಧಾರ ನಡೆದಿದೆ.

ಗೇರುಬೀಜ ಹೊನ್ನಾವರ

ದೇವಸ್ಥಾನದಲ್ಲಿ ಹೆಸರು ಇಲ್ಲದವನನ್ನ ಯಾರೂ ಕೆಲಸದಿಂದ ತೆಗೆಯೋದಿಲ್ಲ. ಕೆಲಸದ ಜಾಗದಲ್ಲಿ ಬೋರ್ಡ್ ಹಾಕಿದರೆ ಮೇಲೆ ಇರುವ ಹೆಸರಿಗಿಂತ ಇಲ್ಲದ ಹೆಸರನ್ನೇ ಜನ ಓದ್ತಾರೆ. ಒಟ್ಟು ಮೊತ್ತ ಹಾಕಿ, ಎಷ್ಟು ಓಡಾಟಕ್ಕೆ ಆಯಿತು ಅಂತ ಹಾಕಿ. ಹೆಸರು ಬೇಡ.

ದಾಂಡೇಲಿ ಶಿಫ್ಟ್

ಇದಕ್ಕೆ ನನ್ನ ಓಟು. ಪ್ರತಿ ತಿಂಗಳು 15ರೊಳಗೆ ನಾಲ್ಕು ಸಾಲು ಕಳಿಸಿ: ಎಷ್ಟು ಬಂತು, ಎಷ್ಟು ಓಡಾಟ ಆಯಿತು, ಎಷ್ಟು ಉಳಿಯಿತು, ಎಷ್ಟು ಜನ ಕಾಯ್ತಿದ್ದಾರೆ. ರೋಗಿಯ ಫೋಟೋ, ಹೆಸರು ಬೇಡ. ಇದನ್ನು ಎರಡು ತಿಂಗಳು ತಪ್ಪಿಸಿದರೆ ಮೂರನೇ ತಿಂಗಳು ನಿಲ್ಲಿಸುವ ಅರ್ಜಿಗಳು ಶುರುವಾಗುತ್ತವೆ. ಕೊಟ್ಟ ದುಡ್ಡಿನ ಮೇಲೆ ಸಿಟ್ಟಿರೋದಿಲ್ಲ, ಸುದ್ದಿಯೇ ಇಲ್ಲ ಅಂತ ಸಿಟ್ಟು.

ಅಘನಾಶಿನಿ ದಂಡೆ

ಎಲ್ಲರಿಗೂ ಬಹಳ ಉಪಕಾರ. ಚೆಕ್ಕಿನ ಪತ್ರ ನಾಳೆಯೇ ಕೇಳುತ್ತೇವೆ. ಹೊಸಬರಿಗೆ ಮ್ಯಾಂಡೇಟ್, 9ನೇ ತಾರೀಖು. ಬಸ್ಸಿನ ಲೆಕ್ಕ ತೆಗೆದು ಆಟೋ ಲೆಕ್ಕ ಹಾಕುತ್ತೇವೆ. ಒಪ್ಪಿಗೆ ಪತ್ರ ಹೀಗೆ ಬರೆದಿದ್ದೇವೆ, ತಿದ್ದಿ:

"ನಾನು ಸ್ವಂತ ಇಚ್ಛೆಯಿಂದ ಪ್ರತಿ ತಿಂಗಳು ರೂ. ____ ಕೊಡಲು ಒಪ್ಪಿದ್ದೇನೆ. ಈ ಒಪ್ಪಿಗೆ 12 ತಿಂಗಳಿಗೆ ಮಾತ್ರ. ಯಾವ ತಿಂಗಳು ಬೇಕಾದರೂ ಕಾರಣ ಹೇಳದೆ ನಿಲ್ಲಿಸಬಹುದು. ನಾನು ಕೊಡುವುದು, ಬಿಡುವುದು ನನ್ನ ಕೆಲಸದ ಜಾಗದಲ್ಲಿ ಯಾರಿಗೂ ತಿಳಿಸತಕ್ಕದ್ದಲ್ಲ."

ಲೆಕ್ಕಪತ್ರ ಶಿರಸಿ

ಕೊನೆಯ ವಾಕ್ಯ ಮ್ಯಾಂಡೇಟ್‌ನವರಿಗೆ ಸರಿ. ಸಂಬಳದಿಂದಲೇ ಕಡಿತವಾಗುವ ಆ 38 ಜನರಿಗೆ ಸುಳ್ಳಾಗುತ್ತದೆ, ಸಂಬಳ ಮಾಡುವವರಿಗೆ ಗೊತ್ತಾಗೇ ಆಗುತ್ತದೆ. ಅವರ ಪತ್ರದಲ್ಲಿ "ಸಂಬಳ ವಿಭಾಗದ ಹೊರಗೆ ಯಾರಿಗೂ" ಎಂದು ಮಾಡಿ. ನಿಲ್ಲಿಸಲು ಯಾವ ನಂಬರಿಗೆ ಹೇಳಬೇಕು ಎಂಬುದನ್ನೂ ಅದೇ ಹಾಳೆಯಲ್ಲಿ ಅಚ್ಚು ಹಾಕಿ.

ಬಂದರು ರಸ್ತೆ

ಮತ್ತೆ ಬಂದರಿನ ಹಾಳೆಯಲ್ಲಿ 12ರ ಬದಲು 10 ತಿಂಗಳು. ಆಗಸ್ಟ್‌ನಲ್ಲಿ ಬೋಟ್ ಇಳಿದ ಮೇಲೆ ಬನ್ನಿ. ಮೊದಲ ವಾರ ಬೇಡ, ಎಲ್ಲರೂ ಬಲೆ, ಡೀಸೆಲ್ ಸಾಲದಲ್ಲಿರ್ತಾರೆ. ಮೂರನೇ ವಾರ.